ಬೆಂಡು

ಯುಗಾದಿಗೆ ಇನ್ನೂ ಎಂಟು ದಿನ.
ಕೆಂಚನಗುಡ್ಡದ ಕೆಳಗೆ ಹೊಳೆ ಸೊರಗಿ
ಬಂಡೆಗಳ ನಡುವೆ ಮಡು ಮಡುವಾಗಿ ನಿಂತಿತ್ತು.
ನೀರ ಮೇಲೆ ಬೇವಿನ ಹೂವಿನ ತೆಳು ಕೆನೆ.

ಹುಸೇನಮ್ಮ, ನನ್ನ ಅಕ್ಕನ ಮಗಳು,
ಎರಡನೇ ಕ್ಲಾಸು, ಮುಂದಿನ ಹಲ್ಲೆರಡು ಬಿದ್ದಿವೆ,
ಬೈಕಿನ ಟ್ಯಾಂಕಿನ ಮೇಲೆ ಕೂತು ದಾರಿಯುದ್ದಕ್ಕೂ ಅದೊಂದೇ:
‘ಮೀನಕ್ಕ ಕಣ್ಣು ಮುಚ್ಚಾಕ ಬರಲ್ಲಂತ, ಹೌದಾ ಮಾವ?
ಮತ್ತ ನಿದ್ದಿ ಹೆಂಗ ಮಾಡ್ತಾವ?’

ಸಿರುಗುಪ್ಪದಲ್ಲಿ ನನ್ನದು ಮೋಟರ್ ಸುತ್ತುವ ಅಂಗಡಿ.
ತಾಮ್ರದೆಳೆ ಸುತ್ತಿದ ಬೆರಳು ಗಾಳದ ದಾರಕ್ಕೂ ಒಗ್ಗುತ್ತದೆ.
ಭಾರಕ್ಕೆ ಬೆಸುಗೆಯ ಸೀಸದ ಚೂರು,
ಬೆಂಡಿಗೆ ಜೋಳದ ದಂಟಿನ ತಿರುಳು.
ಅದಕ್ಕೆ ಉಗುರುಬಣ್ಣ ಬಳಿದಿದ್ದಳು ಅವಳು,
ಅವ್ವನದು, ಕದ್ದು.

ಬಿಸಿಲೇರಿತು. ಎರಡು ಸಲ ಏಡಿ ಬಂದು
ಎರೆಹುಳ ತಿಂದು ಹೋಯಿತು.
ಆಮೇಲೆ ಕಂಡದ್ದು: ಮಡುವಿನ ಆಚೆ ಅಂಚಿಗೆ
ಕುಂಕುಮ ಕದಡಿದ ಹಾಗೆ ನೀರು, ಮೊರದಗಲ,
ಅಲ್ಲೇ ಕುದಿಯುತ್ತ, ಚೆದರುತ್ತ, ಮತ್ತೆ ಕೂಡುತ್ತ.

ಕೊರಮೀನಿನ ಮರಿಗಳು.
ಅವುಗಳ ಅಡಿಯಲ್ಲಿ ಕಾವಲಿರುತ್ತದೆ ದೊಡ್ಡದು.
ಇಷ್ಟು ಗೊತ್ತಿದ್ದವನಿಗೆ ಎರೆಯೂ ಬೇಡ,
ಆ ಕೆಂಪಿನ ನಡುವೆ ಏನಾದರೊಂದು ಬೀಳಿಸಿದರೆ ಸಾಕು.

ಬೀಳಿಸಿದೆ.
ಬೆಂಡು ಮುಳುಗಲಿಲ್ಲ, ಮಾಯವಾಯಿತು.

ಪೇಂಟಿನ ಬಕೀಟಿನಲ್ಲಿ ಅದು ಮೈ ಮಡಚಿ
ಆಗಾಗ ಮೂತಿ ಮೇಲೆತ್ತಿ ಗುಳಕ್ಕನೆ ಗಾಳಿ ನುಂಗುತ್ತಿತ್ತು.
‘ಅದ್ಯಾಕ ಕಚ್ಚಿತು ಮಾವ?’
‘ಹಸಿವಿ’ ಎಂದೆ.

ಅವಳು ಬುತ್ತಿ ಬಿಚ್ಚಿದಳು.
ರೊಟ್ಟಿಯ ಚೂರಿಗೆ ಅಂಟಿದ ಶೇಂಗಾ ಹಿಂಡಿ
ಲಂಗಕ್ಕೆ ಒರೆಸಿ, ಖಾರ ಆದೀತೆಂದು,
ಒಂದೊಂದೇ ಹಾಕಿದಳು.
ಚೂರು ನೆನೆದು ಉಬ್ಬಿ ತಳಕ್ಕಿಳಿಯಿತು.
ಬಹಳ ಹೊತ್ತಿನ ಮೇಲೆ: ‘ಇದಕ ಹಸಿವಿಲ್ಲ ಮಾವ.’

ನಾನು ದಾರ ಸುತ್ತುತ್ತಿದ್ದೆ.
ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದೆ.

ಕಾಲುವೆಯ ಸೇತುವೆ ಬಂದಾಗ
‘ನಿಲ್ಲಸು, ನೀರು ಬದಲಿ ಮಾಡಬೇಕು’ ಅಂದಳು.
ಬಕೀಟನ್ನು ಹೊಟ್ಟೆಗೆ ಆನಿಸಿಕೊಂಡು ಮೆಟ್ಟಿಲಿಳಿದಳು.
ನಾನು ಬೈಕಿನ ಪ್ಲಗ್ಗು ಬಿಚ್ಚಿ ಉಜ್ಜಿದೆ.
ಅದಕ್ಕೆ ಏನೂ ಆಗಿರಲಿಲ್ಲ.
ಬಕೀಟು ತಿರುಗಿ ಬಂದಾಗ ಒಂದೇ ಕೈಯಲ್ಲಿ ತೂಗುತ್ತಿತ್ತು.

ಕಾಲುವೆ ನೀರು ಹೊಳೆಗೆ ಮರಳುವುದಿಲ್ಲ.
ತೂಬಿಗೆ ಹೋಗುತ್ತದೆ, ಭತ್ತದ ಗದ್ದೆಗೆ, ಆಚೆ ಆಂಧ್ರಕ್ಕೆ.
ಹೇಳಲಿಲ್ಲ.
ಜೋಡಿಯಲ್ಲಿ ಇನ್ನೊಂದು ಉಳಿದಿರುತ್ತದಲ್ಲ
ಎಂದುಕೊಂಡೆ, ಎರಡು ಮೈಲಿ.

‘ಏನ್ ತಂದ್ರಿ ಬ್ಯಾಟಿಗಾರರು?’ ಅಂದಳು ಅಕ್ಕ.
‘ಬೆಂಡು ಅಲ್ಲಾಡಲೇ ಇಲ್ಲವ್ವ.’
ಹುಸೇನಮ್ಮ ನನ್ನ ಕಡೆ ನೋಡಲಿಲ್ಲ.
ಅರೆದಿಟ್ಟ ಖಾರ ಬದನೆಕಾಯಿಗೆ ಬಿತ್ತು.

ರಾತ್ರಿ ಮಾಳಿಗೆಯ ಮೇಲೆ ಎಲ್ಲರೂ ಮಲಗಿದ ಮೇಲೆ
ಅವಳ ಕಣ್ಣು ಹೊಳೆಯುತ್ತಿದ್ದವು, ರೆಪ್ಪೆ ಬಡಿಯದೆ.
‘ಮಲಗಲಿಲ್ಲೇನು?’
‘ಸುಮ್ಕಿರು ಮಾವ,
ಮುಚ್ಚದಂಗ ಬರ್ತೈತೇನು ನೋಡಾಕತ್ತೀನಿ.’