ಸೋರುವ ಜಾಗ

ಊದಿ ನೋಡಿದರ ತಿಳಿಯೂದಿಲ್ಲೋ, ಅಂತಿದ್ದ ಅಪ್ಪ.
ಊದವರಿಗೆ ತಮ್ಮ ಉಸರಿನ ಮ್ಯಾಲ ಮೋಹ ಬಾಳ.
ಸ್ಯಾಕ್ಸೋಫೋನಿನ ಬಾಯಿಗೆ ಅರಿವಿ ತುರುಕಿ
ಬೀಡಿಯ ಒಂದು ದಮ್ಮು ಕುತಗಿಯೊಳಗ ಬಿಟ್ಟು
ಕೀಲಿ ಎಲ್ಲಾ ಒತ್ತಿ ಹಿಡದು ಕಾಯತಿದ್ದ.
ಎಲ್ಲಿಂದ ನೀಲಿ ಎಳಿ ಏಳತೈತೋ
ಅಲ್ಲಿ ತೊಗಲು ಸವದೈತಿ.

ಬೆಳಗಾವಿ ಕ್ಯಾಂಪಿನಾಗ, ಬೇಕರಿ ಗ್ವಾಡಿಗೆ ಆತು
ನಾಕು ಫೂಟಿನ ಅಂಗಡಿ. ಮುಂದ ಪಲ್ಟನ್ನಿನ ಬೂಟು,
ಹಿಂದ ಮೊಳಿಗೆ ಜೋತಬಿದ್ದ ಹಿತ್ತಾಳಿ.
ಬೂಟಿಗೆ ಎಮ್ಮಿ ತೊಗಲು.
ಜಾಝಿಗೆ ಆಡಿನ ಮರೀದು, ತುಟಿಯಷ್ಟು ತೆಳ್ಳಗ,
ರೂಪಾಯಿ ಗಾತ್ರ, ಎಂಟಾಣೆ ಗಾತ್ರ, ಗುಂಡಗ ಕೊರದು
ಅರಗು ಕಾಸಿ ಕೂಡಸೂದು.

ಶನಿವಾರ ಐತವಾರ ನುಡಿಸಿ ನುಡಿಸಿ
ಅವರಿಗೆ ಸೋಮವಾರನ ಐತವಾರ.
ಲೋಂಡಾ ಗಾಡಿಯ ಗಾರ್ಡು ಕಾಯ್ತಾನ ಮಾಮಾ, ಸ್ಯಾಕ್ಸು.
ಪೆನ್ಶನ್ ಬಂದ ಹವಾಲ್ದಾರ ಧೋಂಡಿಬಾ, ಟ್ರಾಂಬೋನು,
ಮಾರ್ಚಿನ ಹೆಜ್ಜಿ ಮರೀಲಿಕ್ಕೆ ಆರು ವರ್ಷ ತಗೊಂಡಾಂವ.
ಲಗ್ನದ ಬ್ಯಾಂಡಿನ ದಸ್ತಗೀರ, ಕ್ಲಾರಿನೆಟ್ಟು,
ಕಾಲರಿನಾಗ ಯಾವಾಗಲೂ ಎರಡು ಅಕ್ಕಿಕಾಳು.
ಪಿಯಾನೊ ಕಲಸೂ ಎರ್ಮೆಲಿಂಡಾ ಬಾಯಿ
ಪಿಯಾನೊ ಇಲ್ಲದಲ್ಲಿ ಏನು ಮಾಡಬೇಕು?
ತೊಗಲು ಕೊರಿಯೂ ಹಲಗಿ ಮ್ಯಾಲ ಬೆರಳು ಆಡಸತಿದ್ದಳು.
ಉಳದವರಿಗೆ ಅದು ಕೇಳತಿತ್ತಂತ.

ಬೈಗಳ ಕೊಂಕಣಿಯಾಗ, ಲೆಕ್ಕ ಮರಾಠಿಯಾಗ,
ಶಾಬಾಸು ಉರ್ದುದಾಗ,
ಉದ್ರಿ ಮಾತ್ರ ಕನ್ನಡದಾಗ, ಅಪ್ಪನ ಹತ್ರ.

ಬೋರ್ಡಿನ ಮ್ಯಾಲ ಯಾವ ಅಕ್ಷರ ಅಂತ
ಕಲ್ಲು ಹಾರಿದ ವರ್ಷ
ನಮ್ಮ ಬೋರ್ಡಿಗೆ ಡಾಂಬರು ಬೀಳಲಿಲ್ಲ,
ಅದರಾಗ ಒಂದು ಬೂಟಿನ ಚಿತ್ರ ಅಷ್ಟ ಇತ್ತು.
ಶಟರ್ ಎಳದು ಐದು ಮಂದಿ ಒಳಗ.
ಸಪ್ಪಳ ಹೊರಗ ಹೋಗಬಾರದಂತ
ಟ್ರಾಂಬೋನಿನ ಬಾಯಾಗ ಸುಬೇದಾರನ ಎಡಗಾಲ ಬೂಟು.
ಧೋಂಡಿಬಾ ಸ್ಲೈಡು ಚಾಚಿದಾಗೊಮ್ಮೆ ಶಟರು ಠಣ್ ಅಂತಿತ್ತು.
ಎರಡು ಸಲ ಬೈದರು.
ಮೂರನೇ ಸಲಕ್ಕ ಆ ಠಣ್ಣನ್ನ ತಾಳದಾಗ ಕೂಡಿಸಿಕೊಂಡರು.

ಕ್ಲಬ್ಬಿನೊಳಗ ಅಪ್ಪ ಹೋಗಲಿಲ್ಲ. ಅಪ್ಪನ ತೊಗಲು ಹೋತು.
ಅಂವ ಸೈಕಲ್ ಸ್ಟ್ಯಾಂಡಿನಾಗ ನಿಂತು ಕೇಳಿದ,
ಇಪ್ಪತ್ತೆರಡು ವರ್ಷ,
ಹಾಡು ಅಲ್ಲ, ಎಲ್ಲಿ ಗಾಳಿ ಸೋರತೈತಿ ಅಂತ.
ಒಮ್ಮೆ ಕಾಯ್ತಾನ ಮಾಮಾ ನಡುವ ನಿಲ್ಲಿಸಿ
ಕಿಡಕಿಯಾಗಿಂದ ಕೂಗಿದ್ದ: ಪರಸ್ಯಾ, ಹೆಂಗೈತಿ?
ಅಪ್ಪ ಮೂರು ಬೆರಳು ಎತ್ತಿ ತೋರಿಸಿದ.
ಮೂರನೇ ಕೀಲಿ.

ಮಾಮಾ ಹ್ವಾದದ್ದು ಶ್ರಾವಣದ ಜಿಟಿಜಿಟಿಯಾಗ.
ಅವನ ಸ್ಯಾಕ್ಸು ದಸ್ತಗೀರನ ಕೊರಳಿಗೆ ಬಂತು.
ಮಣ್ಣಿನ ಬಾಜೂಕ ನಿಂತು ಎತ್ತಿಕೊಂಡ,
ಚಲೋ ಹೊಂಟಿತ್ತು,
ನಡುವ ಥಂಡಿಗೆ ಅರಗು ಬಿಟ್ಟು ಒಂದು ಪ್ಯಾಡು ಕೆಳಗ ಬಿತ್ತು.
ಕೆಳಗಿನ ಸ್ವರ ಎಲ್ಲಾ ಹ್ಹ ಅಂದವು, ಬರೇ ಗಾಳಿ.
ಧೋಂಡಿಬಾ ತಿರುಗಿ ಸುದ್ದಾ ನೋಡಲಿಲ್ಲ.
ಮ್ಯಾಲಿಂದು ದಸ್ತಗೀರ, ಕೆಳಗಿಂದು ಧೋಂಡಿಬಾ,
ಒಂದ ಸಾಲು ಇಬ್ಬರು ಹೊತ್ತರು,
ಆಗಷ್ಟ ಪೆಟಗಿ ಹೊತ್ತಂಗ.
ಅಪ್ಪ ಮೊಣಕಾಲೂರಿ ಹುಲ್ಲಿನಾಗ ತಡವಾಡತಿದ್ದ.
ಅಳಾಕತ್ತಾನ ಅಂತ ಪಾದ್ರಿ ಹೆಗಲ ಮ್ಯಾಲ ಕೈ ಇಟ್ಟ.
ಅಪ್ಪ ಹುಡುಕಾಕತ್ತಿದ್ದ.
ಸಿಗಲಿಲ್ಲ.

ಈಗ ಅಂಗಡಿ ನಂದು. ಬೀಡಿ ನನಗ ಒಗ್ಗೂದಿಲ್ಲ,
ಊದಿನಕಡ್ಡಿ ಹಿಡೀತೀನಿ.
ಮಂದಿ ಬರೂದು ಚಪ್ಪಲ್ಲಿಗೆ, ಸಾಲಿ ಬ್ಯಾಗಿನ ಜಿಪ್ಪಿಗೆ.
ಮೊನ್ನೆ ಶಹಾಪುರದಿಂದ ಒಂದು ಹುಡುಗಿ,
ಗೋಣಿಚೀಲದಾಗ ಸ್ಯಾಕ್ಸು, ಗುಜರಿಯವನ ಹತ್ರ ಕೊಂಡದ್ದು,
ಕಾಕಾ, ಇದು ನುಡೀತೈತೇನು?

ನುಡಿಯೂದು ನನಗ ತಿಳಿಯೂದಿಲ್ಲವಾ.
ಕೂಡು, ಬೂಟು ಬಿಚ್ಚು, ಕೆಸರಾಗೇದ ಅಂದೆ.
ತಿರುವಿ ನೋಡಿದೆ:
ಎಡಗಾಲಿಂದು ಹೊಸಾದು ಇದ್ದಂಗ ಐತಿ.
ಬಲಗಾಲ ಹಿಮ್ಮಡಿ ಅಷ್ಟ ಸವದೈತಿ,
ಕಾಯ್ತಾನ ಮಾಮಾಂದು ಸವೀತಿತ್ತಲ್ಲ,
ಹಂಗ.