ಜೋಡಿಗೂಡು

ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಯ ಹುಡುಗಿ
ರಿಪೋರ್ಟಿನ ಹಿಂಬದಿಗೆ ಆರು ಸೊನ್ನೆ ಬರೆದಳು, ಸುತ್ತಲೂ,
ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ.
"ಇದು ಬಾಗಿಲು. ಕಿವಿಯೊಳಗೆ ಜೀವಕೋಶಕ್ಕೂ ಜೀವಕೋಶಕ್ಕೂ ನಡುವೆ
ಇಂಥವು ಎಷ್ಟೋ.
ಉಪ್ಪು ಆಚೆ ಈಚೆ ಹರಿದಾಡಬೇಕು, ಆಗಲೇ ಸದ್ದು."

ಕನೆಕ್ಸಿನ್ ಇಪ್ಪತ್ತಾರು ಅಂತ ಅದರ ಹೆಸರು.
ಇನ್ನೂರ ಇಪ್ಪತ್ತಾರು ಮಣಿಗಳ ಸರವಂತೆ.
ನಮ್ಮ ಚೈತ್ರಶ್ರೀಯದರಲ್ಲಿ ಇಪ್ಪತ್ತನಾಲ್ಕನೆಯ ಮಣಿ ಬರುವಲ್ಲಿ
ನಿಲ್ಲು ಎಂದು ಬರೆದಿದೆ.
ನಿಂತಿದೆ.

ನಾನು ನೂಲು ಬಿಚ್ಚುವವಳು. ಶಿಡ್ಲಘಟ್ಟದಲ್ಲಿ ಹುಟ್ಟಿ
ಬಿಸಿನೀರಿನ ಬಾಂಡ್ಲಿಯಲ್ಲಿ ಬೆರಳು ಬೇಯಿಸಿಕೊಂಡವಳು.
ನಡುವೆ ಕಡಿದ ಎಳೆಯ ಕೊನೆ ಹುಡುಕಿ ಅಂಟಿಸುತ್ತೇನೆ,
ದಿನಕ್ಕೆ ಸಾವಿರ ಸಲ.
ಇದನ್ನೂ ಅಂಟಿಸಬಹುದಾ ಮೇಡಂ, ಅಂದೆ.
ಅವಳು ನಗಲಿಲ್ಲ. ಅದಕ್ಕೇ ಅವಳ ಮಾತು ನಂಬಿದೆ.

ನನ್ನಲ್ಲಿ ಒಂದು ಪ್ರತಿ ಸರಿ, ಒಂದು ಮುರುಕು. ಮಾಮನಲ್ಲೂ ಹಾಗೇ.
ಮಾಮ ಅಂದರೆ ಗಂಡ; ಅಮ್ಮನ ತಮ್ಮ.
ತಾಳಿ ಬಿದ್ದ ಮೇಲೂ ಬಾಯಿಗೆ ಬೇರೆ ಹೆಸರು ಹತ್ತಲಿಲ್ಲ.
ಎರಡು ಮುರುಕೂ ಹೊರಟದ್ದು ಒಂದೇ ಮನೆಯಿಂದ,
ಅಜ್ಜಿಯದೋ ತಾತನದೋ, ಕೇಳೋಣವೆಂದರೆ ಇಬ್ಬರೂ ಇಲ್ಲ.
ಅಜ್ಜಿ ಪಿಳ್ಳಮ್ಮನಂತೂ ಮೂರು ಮನೆಯಾಚೆಯ ಪಿಸುಮಾತಿಗೆ
ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದವಳು.

ಹುಳಕ್ಕೆ ಮಾತ್ರ ನಾವು ಹೊರಗಿನ ಸಂಬಂಧ ನೋಡುತ್ತೇವೆ:
ಮೈಸೂರು ತಳಿಯ ಹೆಣ್ಣು ಚಿಟ್ಟೆ, ಹೊರತಳಿಯ ಗಂಡು.
ಇಲ್ಲದಿದ್ದರೆ ಬೆಳೆ ಕೈಕೊಡುತ್ತದೆಂದು
ಈ ಊರಿನ ಮಕ್ಕಳಿಗೂ ಗೊತ್ತು.
ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದರೆ ಎಳೆಯೆಲ್ಲ ಸಿಕ್ಕು,
ಆರಿಸಿ ಬೇರೆ ಬುಟ್ಟಿಗೆ ಹಾಕುತ್ತೇವೆ.
ಜೋಡಿಗೂಡಿನ ನೂಲಿಗೂ ಗಂಟುಗಂಟಾದ ಒಂದು ಚೆಲುವಿದೆ,
ಕೊಳ್ಳುವವರಿದ್ದಾರೆ.
ಸಮಾಧಾನಕ್ಕೆ ಹೇಳುತ್ತಿಲ್ಲ ಇದನ್ನು.

ಮತ್ತೆ ಬಸುರಾದರೆ ನಾಲ್ಕರಲ್ಲಿ ಒಂದು, ಅಂದಿದ್ದಳು.
ಬಸ್ಸಿನಲ್ಲಿ ಮಾಮ ಬೆರಳು ಮಡಿಸುತ್ತ ಕೂತ,
ನಾಲ್ಕೂ ಮಡಿಸಿ, ಒಂದನ್ನು ಬಿಚ್ಚಿ,
ಮತ್ತೆ ಮಡಿಸಿ.

ಚೈತ್ರಶ್ರೀ ಈಗ ರಾಟೆಯ ಮರಕ್ಕೆ ಕೆನ್ನೆ ಒತ್ತಿ ನಿಂತಿದ್ದಾಳೆ.
ಬೆಲ್ಟು ಸಡಿಲವಾದದ್ದು ನನಗಿಂತ ಮುಂಚೆ ಅವಳಿಗೆ ತಿಳಿಯುತ್ತದೆ,
ಸೆರಗು ಜಗ್ಗುತ್ತಾಳೆ.
ಕಿವಿಗೆ ಯಂತ್ರ ಕೂರಿಸುವ ಅರ್ಜಿಗೆ ಮುಂದಿನ ತಿಂಗಳು ಸಹಿ.
ಅಷ್ಟರೊಳಗೆ ನಾನೂ ಕಲಿಯಬೇಕು, ಕೈಯಲ್ಲಿ:
ನೀರು, ಬಿಸಿ, ಬೇಡ, ಬಾ.
ರೇಷ್ಮೆಗೆ ಅವಳೇ ಒಂದು ಸನ್ನೆ ಮಾಡಿಕೊಂಡಿದ್ದಾಳೆ.
ಮೂಗು ಹಿಡಿದು ನಗುತ್ತಾಳೆ.