ಮೇಣ

ಒಲೆಯ ಹತ್ತಿರ ಬೇಡ, ತಮ್ತಾ.
ಅವಸರದಲ್ಲಿ ಒಣಗಿದ್ದು ಅವಸರದಲ್ಲೇ ಬಿರಿಯುತ್ತದೆ.
ಗೋಡೆಗೆ ಒರಗಿಸು, ಗಾಳಿಗೆ ಬಿಡು.

ಗುದೌರಿಯಿಂದ ಇಲ್ಲಿಯ ತನಕ
ಬಸ್ಸಿನ ಹೊಟ್ಟೆಯಲ್ಲಿ, ಚೀಲದೊಳಗೆ
ಕರಗುತ್ತಲೇ ಬಂದಿದೆ ನಿನ್ನ ಬೆಟ್ಟ.
ಈಗ ಹಲಗೆಯಿಂದ ತೊಟ್ಟಿಕ್ಕಿ
ನೆಲಕ್ಕೆ ಹಾಸಿದ ಹಳೇ ಪೇಪರಿನಲ್ಲಿ
ಯಾವನೋ ಮಂತ್ರಿಯ ಮೂಗು ಉಬ್ಬಿಸಿದೆ.

ಅಂಚು ಒರೆಸಿದೆಯಾ? ಇನ್ನೊಮ್ಮೆ ಒರೆಸು.
ಒಂದು ಹನಿ ಮರೆತರೂ ಸಾಕು,
ಬೆಳಗಾಗುವುದರೊಳಗೆ ಉಕ್ಕು ಕಾವಿ ಉಡುತ್ತದೆ.
ಬೂಟಿನ ಪಟ್ಟಿಗಳ ತಿರುಪು ಸಡಿಲಿಸು;
ಬೇಸಿಗೆಯಿಡೀ ಯಾರನ್ನೂ
ಬಿಗಿದಿಡಬಾರದು.

ನಾನು ಹಿಮದ ಮೇಲೆ ಜಾರಿದ್ದು ಒಂದೇ ಸಲ,
ಅದೂ ಬೆನ್ನ ಮೇಲೆ.
ಆದರೆ ಮೇಣ ಗೊತ್ತು.
ನೆಲದಲ್ಲಿ ಹೂತ ದ್ರಾಕ್ಷಾರಸದ ಹಂಡೆಗಳಿಗೆ ಇಳಿದು
ಒಳಮೈಗೆಲ್ಲ ಜೇನುಮೇಣ ಬಳಿದ ಕೈ ಇದು.
ನೀನು ತಂದ ನೀಲಿ ತುಂಡಿಗೆ ವಾಸನೆಯೇ ಇಲ್ಲ,
ಜೇನು ಕಂಡಿಲ್ಲ ಪಾಪ.
ಇರಲಿ, ಅಜ್ಜಿಯ ಇಸ್ತ್ರಿಪೆಟ್ಟಿಗೆ ಕೊಡು
(ಕೇಳಿದರೆ ನಾನು ಕೊಟ್ಟಿಲ್ಲ).

ದಪ್ಪಗೆ ಬಿತ್ತು. ಕೆರೆಯಬೇಡ, ಹಾಗೇ ಇರಲಿ.
ನೆಲಮಾಳಿಗೆಯಲ್ಲಿ, ಹಂಡೆಯ ಬಾಯಿಗಳ ಪಕ್ಕ
ಅಂಗಾತ ಮಲಗಿಸೋಣ.

ಡಿಸೆಂಬರಿಗೆ ಬಾ.
ಯಾವುದರ ಮೇಣ ಮೊದಲು ಕೀಳುವುದು ಅಂತ
ಆಗ ಜಗಳವಾಡಿದರಾಯಿತು.